ಪುಟ್ಟಿಗೆ, ಹೋಮರನ ವಿಚಾರವಾಗಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಂ.ಎ.ಯಲ್ಲಿ ಗ್ರೀಕ್, ರೋಮನ್ ಸಾಹಿತ್ಯದ ಪೇಪರು ತಗೊಂಡೆಯಂತೆ, ಸಂತೋಷ. ಆದರೆ ‘ಮೂಲ ಭಾಷೆ ಬರಲ್ಲ, ಅನುವಾದ ಓದೋದು ಎಂಜಲು ಉಂಡ ಹಾಗೆ’ ಅಂತ ಫೋನಿನಲ್ಲಿ ಕೊರಗಿದೆಯಲ್ಲ, ಅದಕ್ಕೇ ಈ ಕಾಗದ.

ಒಂದೇ ಅನುವಾದ ಓದಿದರೆ ನೀನು ಹೇಳಿದ್ದು ನಿಜ. ಎರಡು ಮೂರು ಪಕ್ಕಪಕ್ಕ ಇಟ್ಟುಕೊಂಡು ಕೂತು ನೋಡು. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯ ಮೊದಲ ಸಾಲಿನಲ್ಲೇ ನಾಯಕ ಒಡಿಸ್ಯೂಸನಿಗೆ ‘ಪೊಲುತ್ರೊಪೊಸ್’ ಎಂಬ ವಿಶೇಷಣ ಇದೆ. ಪೊಲು ಅಂದರೆ ಬಹು, ತ್ರೊಪೊಸ್ ಅಂದರೆ ತಿರುವು. ಲ್ಯಾಟಿಮೋರ್ ಇದನ್ನು ‘ನಾನಾ ದಾರಿಯವನು’ ಎಂಬರ್ಥದಲ್ಲಿ ಇಂಗ್ಲಿಷಿಗೆ ತಂದರು. ಫೇಗಲ್ಸ್‌ಗೆ ಅವನು ತಿರುವುಮುರುವುಗಳ ಮನುಷ್ಯ. 2017ರಲ್ಲಿ ಎಮಿಲಿ ವಿಲ್ಸನ್ ‘ಕಾಂಪ್ಲಿಕೇಟೆಡ್’ ಅಂದುಬಿಟ್ಟರು. ಊರೂರು ತಿರುಗಿದವನೋ, ಮಾತು ತಿರುಗಿಸುವವನೋ? ಮೂವರೂ ಒಂದೊಂದು ಕಡೆಗೆ ಎಳೆದಾಡಿದ ಜಾಗದಲ್ಲೇ ಗ್ರೀಕ್ ಪದ ಇಣುಕುತ್ತದೆ.

ಗೈಡು ಮಾತ್ರ ಮುಟ್ಟಬೇಡ. ನಾನು ಬಿ.ಎ.ಯಲ್ಲಿ ಗೈಡು ಉರುಹೊಡೆದು, ಹೋಮರನ ಇನ್ನೊಂದು ಕಾವ್ಯ, ಟ್ರಾಯ್ ಯುದ್ಧದ ‘ಇಲಿಯಡ್’, ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆಯೊಂದಿಗೆ ಮುಗಿಯುತ್ತದೆ ಅಂತ ಬರೆದು ಬಂದವನು. ಮಾರ್ಕೂ ಬಿತ್ತು! ಎಷ್ಟೋ ವರ್ಷದ ಮೇಲೆ ಕಾವ್ಯವನ್ನೇ ಓದಿದಾಗ ಕುದುರೆಯ ಸುಳಿವೇ ಇಲ್ಲ. ಅದು ಮುಗಿಯುವುದು ಟ್ರಾಯ್‌ನ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಯಲ್ಲಿ. ಕುದುರೆಯ ಕಥೆ ಬರುವುದು ‘ಒಡಿಸ್ಸಿ’ಯಲ್ಲಿ, ವಿಸ್ತಾರವಾಗಿ ರೋಮಿನ ವರ್ಜಿಲನ ‘ಈನಿಡ್’ನಲ್ಲಿ. ವರ್ಜಿಲನನ್ನು ಹೋಮರ್ ಆದಮೇಲೇ ಹಿಡಿ. ಹೋಮರನ ಎರಡೂ ಕಾವ್ಯಗಳನ್ನು ಮೈಗೂಡಿಸಿಕೊಂಡು ಬರೆದವನು ಅವನು.

‘ಇಲಿಯಡ್’ನ ಕೊನೆಯ, 24ನೇ ಸರ್ಗಕ್ಕೆ ಬಂದಾಗ ಅವಸರ ಬೇಡ. ಹೆಕ್ಟರನ ತಂದೆ, ಮುದುಕ ಪ್ರಿಯಾಮ್, ಮಗನ ಹೆಣ ಕೇಳಲು ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಗ್ರೀಕ್ ವೀರ ಅಕಿಲೀಸನ ಕೈಗೇ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ. ಇದನ್ನು ನಿಮ್ಮ ಮೇಷ್ಟ್ರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನದು: ಅಕಿಲೀಸ್ ಅವನನ್ನು ಊಟಕ್ಕೆ ಏಳಿಸುತ್ತಾನೆ. ಹನ್ನೆರಡು ಮಕ್ಕಳನ್ನು ಕಳಕೊಂಡ ಪುರಾಣದ ತಾಯಿ ನಿಯೋಬೆಗೂ ಅತ್ತು ಅತ್ತು ಸುಸ್ತಾದ ಮೇಲೆ ಊಟದ ನೆನಪಾಯಿತು ಅನ್ನುತ್ತಾನೆ. ನಿಮ್ಮಜ್ಜಿ ಹೋದ ದಿನ ಪಕ್ಕದ ಮನೆಯಿಂದ ಬಂದ ಮೊಸರನ್ನವನ್ನು ನಾನು ಒಲ್ಲೆ ಅಂದಾಗ, ನಿಮ್ಮಪ್ಪ ಮಾತಾಡದೆ ತುತ್ತು ಕಲಸಿ ನನ್ನ ಕೈಗೆ ಇಟ್ಟಿದ್ದ. ಅದನ್ನು ಅರ್ಥಮಾಡಿಕೊಳ್ಳೋಕೆ ನನಗೆ ಗ್ರೀಕ್ ಬೇಕಾಗಲಿಲ್ಲ.

ಬಿ.ಎಂ.ಶ್ರೀ.ಯವರ ‘ಅಶ್ವತ್ಥಾಮನ್’ ನನ್ನ ಬೀರುವಿನಲ್ಲಿದೆ, ಕಳಿಸುತ್ತೇನೆ. 1929ರದು. ಗ್ರೀಕ್ ನಾಟಕಕಾರ ಸೋಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದೊಳಕ್ಕೆ ಹೊಗಿಸಿದ್ದಾರೆ. ಇಂಗ್ಲಿಷ್ ಅನುವಾದದ ಜೊತೆಗಿಟ್ಟು ಓದು. ಹಳಗನ್ನಡ ತೊಡಕಾದರೆ ಭಾನುವಾರ ಬೆಳಗ್ಗೆ ಫೋನು ಮಾಡು, ಮನೆಯಲ್ಲೇ ಇರುತ್ತೇನೆ.

ನಿನ್ನ
ದೊಡ್ಡಪ್ಪ