ಮೊದಲು ಸದ್ದು, ಆಮೇಲೆ ಚಿತ್ರ

ಇದನ್ನು ಬರೆಯಲು ಕೂತಾಗ ರಾತ್ರಿ ಹತ್ತೂವರೆ. ನಮ್ಮ ಕನ್ನಡ ಸಂಘದ ಸುದ್ದಿಪತ್ರ ನಾಳೆ ಬೆಳಗ್ಗೆ ನಿಮ್ಮ ಕೈ ಸೇರಬೇಕು. ಅಧ್ಯಕ್ಷರು ಎರಡು ಸಲ ವಾಟ್ಸಾಪ್‌ನಲ್ಲಿ ಕೇಳಿದರು. ಮೂರನೇ ಸಲ ಬರೀ ಒಂದು ಪ್ರಶ್ನೆ ಗುರುತು ಕಳಿಸಿದರು. ರಾಜ್ಯೋತ್ಸವದ ಸಂಚಿಕೆ ಅಂದಮೇಲೆ ನಾಡು, ನುಡಿ ಅಂತ ನಾಲ್ಕು ಮಾತು ಇರಬೇಕು. ಹೋದ ವರ್ಷ ಬರೆದಿದ್ದೆ. ಅದರ ಹಿಂದಿನ ವರ್ಷವೂ ಬರೆದಿದ್ದೆ. ಈಗ ಎರಡನ್ನೂ ತೆಗೆದು ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಯಾರೂ ಏನೂ ಅನ್ನಲಿಲ್ಲ. ಅಂದರೆ ಯಾರೂ ಓದಿಲ್ಲ ಅಂತ ಅರ್ಥ.

ಹಾಗಾಗಿ ಈ ಸಲ ಭಾನುವಾರ ನಮ್ಮ ಮನೆಯಲ್ಲಿ ನಡೆದ ಜಗಳದ ವಿಷಯ ಬರೆಯುತ್ತೇನೆ.

ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ‘ಮಾಲ್ಗುಡಿ ಡೇಸ್’ ತೋರಿಸಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಕಡ್ಲೆಪುರಿಗೆ ಒಗ್ಗರಣೆ ಹಾಕಿಕೊಂಡು ಇಬ್ಬರೂ ಟಿವಿ ಮುಂದೆ ಕೂತೆವು. ಟೈಟಲ್ ರಾಗ ಶುರುವಾಯಿತು. ನಾನು ಬೆನ್ನು ನೆಟ್ಟಗೆ ಮಾಡಿದೆ. ಮೂರು ಸೆಕೆಂಡ್ ಆಗಿತ್ತೋ ಇಲ್ಲವೋ, ಅವಳು ರಿಮೋಟ್‌ಗೆ ಕೈ ಹಾಕಿದಳು.

“ಅಪ್ಪಾ, ಇದಕ್ಕೆ ಸ್ಕಿಪ್ ಇಂಟ್ರೋ ಇಲ್ವಾ?”

ಇರಲಿಲ್ಲ. ಆದರೆ ಹತ್ತತ್ತು ಸೆಕೆಂಡ್ ಮುಂದೆ ಹಾರಿಸುವ ಬಾಣದ ಗುರುತು ಇತ್ತಲ್ಲ, ಅದನ್ನೇ ಟಕಟಕ ಒತ್ತಿ ದಾಟಿಸಿಬಿಟ್ಟಳು. ನನಗೆ ಕೋಪ ಬಂತು. ರಿಮೋಟ್ ಕಿತ್ತುಕೊಂಡೆ. ಅವಳು ಎದ್ದು ರೂಮಿಗೆ ಹೋದಳು. ಮನೆಯವಳು ಅಡುಗೆಮನೆಯಿಂದ ಇಣುಕಿ “ಏನಾಯ್ತ್ರೀ?” ಅಂದಳು. ಏನಾಯಿತು ಅಂತ ಹೇಳಲು ನನಗೂ ಬಾಯಿ ಬರಲಿಲ್ಲ.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮದು ವಠಾರದ ಮನೆ. ಆರು ಮನೆ, ಒಂದು ನಲ್ಲಿ, ಒಂದು ಟಿವಿ. 1987ರ ಸುಮಾರಿನ ಮಾತು. ಟಿವಿ ಇದ್ದದ್ದು ಮುಂದಿನ ಓನರ್ ಮನೆಯಲ್ಲಿ. ಅದಕ್ಕೆ ಎರಡು ಕಡೆ ಸರಿಯುವ ಮರದ ಷಟರ್. ಷಟರ್‌ಗೆ ಬೀಗ. ಮೇಲೆ ಮಾಮಿ ಕ್ರೋಶಾದಲ್ಲಿ ಹಾಕಿದ ಬಿಳಿ ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಓನರ್ ಮಾಮ ಮೊದಲು ಹೂವಿನ ಕುಂಡ ಎತ್ತಿ ಕಿಟಕಿಯಲ್ಲಿ ಇಡುತ್ತಿದ್ದರು. ಬಟ್ಟೆ ಮಡಿಸುತ್ತಿದ್ದರು. ಜನಿವಾರಕ್ಕೆ ಕಟ್ಟಿದ್ದ ಕೀ ತೆಗೆದು, ಬಗ್ಗಿ, ಬೀಗ ತೆರೆದು, ಷಟರ್ ಸರಿಸುತ್ತಿದ್ದರು. ನಾವು ಹದಿನೈದು ಮಕ್ಕಳು ಕೆಂಪು ಗಾರೆ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಗರ್ಭಗುಡಿ ಬಾಗಿಲು ತೆಗೆಯುವಾಗಲೂ ಇಷ್ಟು ಭಕ್ತಿ ಇರುತ್ತಿರಲಿಲ್ಲ.

ಆ ಕಾಲದ ಟಿವಿ ನಿಮಗೂ ಗೊತ್ತಲ್ಲ, ಗುಂಡಿ ತಿರುಗಿಸಿದ ಕೂಡಲೇ ಚಿತ್ರ ಬರುತ್ತಿರಲಿಲ್ಲ. ಪಿಕ್ಚರ್ ಟ್ಯೂಬ್ ಬಿಸಿಯಾಗಬೇಕು. ಮೊದಲು ಸದ್ದು ಬರುತ್ತಿತ್ತು. ಆಮೇಲೆ ಗಾಜಿನೊಳಗೆ ಬೂದು ಬೆಳಕು. ಅದರೊಳಗಿಂದ ನಿಧಾನಕ್ಕೆ ಚಿತ್ರ ಮೇಲೆ ಬರುತ್ತಿತ್ತು. ಮಾಮನಿಗೆ ಕರೆಂಟ್ ಬಿಲ್ಲಿನ ಭಯ. ಗಡಿಯಾರ ನೋಡಿಕೊಂಡು ಸರಿಯಾಗಿ ಹೊತ್ತಿಗೇ ಹಾಕುತ್ತಿದ್ದರು. ಅದರಿಂದ ಏನಾಗುತ್ತಿತ್ತು ಅಂದರೆ, ಮಾಲ್ಗುಡಿಯ ರಾಗದ ಮೊದಲ ಭಾಗವನ್ನು ನಾವು ಕಪ್ಪು ಗಾಜು ನೋಡಿಕೊಂಡೇ ಕೇಳುತ್ತಿದ್ದೆವು. ಆ ಟೈಟಲ್‌ನಲ್ಲಿ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು ಒಂದೊಂದಾಗಿ ಬರುತ್ತವೆ ತಾನೆ? ಮೊದಲಿನ ಚಿತ್ರಗಳನ್ನು ನಾನು ನೋಡಿದ್ದು ಈ ದೇಶಕ್ಕೆ ಬಂದ ಮೇಲೆ, ಲ್ಯಾಪ್‌ಟಾಪ್‌ನಲ್ಲಿ.

ಕೂತವರಿಗಿಂತ ಆ ಸದ್ದು ಬೇಕಾಗಿದ್ದದ್ದು ಕೂರದವರಿಗೆ. ಮೂಲೆ ಮನೆ ಮೇಷ್ಟ್ರು ಟ್ಯೂಷನ್ ಮಕ್ಕಳನ್ನು ಬಿಡುತ್ತಿದ್ದದ್ದು ಆ ರಾಗ ಕೇಳಿಯೇ. ಮಹಡಿ ಮನೆಯ ಅಕ್ಕ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಇಳಿದು ಬರುತ್ತಿದ್ದರು. ನಮ್ಮಮ್ಮ ಸೀಮೆಎಣ್ಣೆ ಸ್ಟವ್‌ನ ಬತ್ತಿ ಇಳಿಸಿ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಹೊರಟರೆ, ರಾಗ ಮುಗಿಯುವ ಹೊತ್ತಿಗೆ ಸರಿಯಾಗಿ ಓನರ್ ಮನೆ ಹೊಸಲಿನ ಹತ್ತಿರ ಇರುತ್ತಿದ್ದರು. ಒಂದು ದಿನವೂ ಒಳಗೆ ಬಂದು ಕೂತವರಲ್ಲ. ಮಾಮಿ “ಬನ್ನಿ, ಕೂತ್ಕೊಳ್ಳಿ” ಅಂದರೆ “ಇಲ್ಲೇ ಸರಿ, ಒಲೆ ಮೇಲೆ ಅನ್ನ ಇದೆ” ಅನ್ನುತ್ತಿದ್ದರು. ಅರ್ಧ ಗಂಟೆಯೂ ಬಾಗಿಲಿಗೆ ಒರಗಿ ನಿಂತೇ ನೋಡುತ್ತಿದ್ದರು.

ಮಾತು ಹಿಂದಿ. ವಠಾರದಲ್ಲಿ ಹಿಂದಿ ಬರುತ್ತಿದ್ದವರು ಬ್ಯಾಂಕಿನಲ್ಲಿದ್ದ ಒಬ್ಬರು ಮಾತ್ರ. ಅವರೂ ಎಲ್ಲವನ್ನೂ ತಪ್ಪು ತಪ್ಪಾಗಿ ಹೇಳುತ್ತಿದ್ದರು ಅಂತ ನಮಗೆ ಆಮೇಲೆ ಗೊತ್ತಾಯಿತು. ಆದರೆ ನಮ್ಮಜ್ಜಿ ಅದನ್ನು ಹಿಂದಿ ಅಂತ ಒಪ್ಪುತ್ತಲೇ ಇರಲಿಲ್ಲ. ಮಾಡಿದ್ದು ಶಂಕರ್ ನಾಗ್. ಕಥೆಯ ಹುಡುಗ ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್. ಅವನಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. “ಎಲ್ಲಾ ನಮ್ಮೋರೇ ಅಲ್ವೇನೋ, ಇದ್ಯಾಕೆ ಹಿಂದಿ ಆಗತ್ತೆ?” ಅನ್ನುತ್ತಿದ್ದಳು. ಆ ರಾಗದಲ್ಲಂತೂ ಮಾತೇ ಇಲ್ಲ. ಎಲ್. ವೈದ್ಯನಾಥನ್ ಮಾಡಿದ ಸಂಗೀತ, ಪಿಟೀಲಿನ ಎಲ್. ಸುಬ್ರಮಣ್ಯಂ ಅವರ ಅಣ್ಣ. ಬರೀ ಗುನುಗು. ಹಾಗಾಗಿ ಹಿಂದಿ ಬರದ ಅಜ್ಜಿಯೂ ಹೂ ಕಟ್ಟುತ್ತಾ ಅದನ್ನೇ ಗುನುಗುತ್ತಿದ್ದಳು.

ಓನರ್ ಮಾಮನಿಗೆ ಮಾತ್ರ ಆ ಧಾರಾವಾಹಿಯ ಮೇಲೆ ಒಂದು ಸಿಟ್ಟು. ಕಥೆ ಬರೆದ ಆರ್.ಕೆ. ನಾರಾಯಣ್ ಅವರ ಮನೆ ಪಕ್ಕದ ಯಾದವಗಿರಿಯಲ್ಲಿ. ನಮ್ಮ ವಠಾರದಿಂದ ಸೈಕಲ್‌ನಲ್ಲಿ ಐದು ನಿಮಿಷ. ಅವರನ್ನು ನೋಡಿದ್ದೇನೆ ಅಂತ ಊರಲ್ಲಿ ಪ್ರತಿಯೊಬ್ಬರೂ ಹೇಳುತ್ತಿದ್ದರು, ನಾನಂತೂ ನೋಡಿಲ್ಲ. ಚಿತ್ರ ಬರೆದ ತಮ್ಮ ಲಕ್ಷ್ಮಣ್ ಕೂಡ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಇಷ್ಟೆಲ್ಲಾ ಇದ್ದೂ ಶೂಟಿಂಗ್ ನಡೆದದ್ದು ಆಗುಂಬೆಯಲ್ಲಿ! “ನಮ್ಮೂರಿಗೆ ಏನಾಗಿತ್ತು ಧಾಡಿ? ಮಳೇಲಿ ನೆನೆಯೋಕೆ ಅಲ್ಲಿಗೆ ಹೋಗ್ಬೇಕಿತ್ತಾ?” ಪ್ರತಿ ವಾರ ಟೈಟಲ್ ಮುಗಿದ ಕೂಡಲೇ ಮಾಮ ಇದನ್ನು ಹೇಳಲೇಬೇಕು. ರೇಡಿಯೋಗೆ ‘ಆಕಾಶವಾಣಿ’ ಅನ್ನುವ ಹೆಸರು ಕೊಟ್ಟ ಊರು ನಮ್ಮದು ಅನ್ನುವುದು ಅದರ ಹಿಂದೆಯೇ ಬರುತ್ತಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಕಥೆಯನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಸ್ವಾಮಿಯ ಟೋಪಿ ಹಾರಿಹೋಗುವಾಗ ಮಾಮನ ಬಾಯಲ್ಲಿ ಕೇಳಿದ್ದು.

ಒಂದು ಸಲ ರಾಗ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಚಿತ್ರ ಇನ್ನೂ ಪೂರ್ತಿ ಮೂಡಿಯೂ ಇರಲಿಲ್ಲ. ಕತ್ತಲಲ್ಲಿ ಯಾರೋ ಒಬ್ಬ ಹುಡುಗ ಉಳಿದ ರಾಗ ಎತ್ತಿಕೊಂಡ. ನಾವೆಲ್ಲ ಸೇರಿಕೊಂಡೆವು. ನಿಲ್ಲಿಸದೆ ಹಾಡಿದರೆ ಕರೆಂಟ್ ಬರುತ್ತೆ ಅಂತ ಒಬ್ಬಳು ಹೇಳಿದಳು. ಹಾಡಿದೆವು ನೋಡಿ, ಗಂಟಲು ಕಟ್ಟುವ ಹಾಗೆ. ಮಾಮಿ ಲಾಟೀನು ತಂದಿಟ್ಟು “ಸಾಕು ನಿಲ್ಸ್ರೋ” ಅಂತ ಬೈದರು. ಅಮ್ಮ ಹೊಸಲಿನಲ್ಲೇ ನಿಂತಿದ್ದರು. ಕರೆಂಟ್ ಬಂದಾಗ ವಾರ್ತೆ ಓದುತ್ತಿದ್ದರು. ಅವತ್ತು ನಮ್ಮ ಮನೆಯಲ್ಲಿ ಅನ್ನ ತಳ ಹಿಡಿದಿತ್ತು.

ನಮ್ಮ ಮನೆಯವಳು ಮಂಡ್ಯ ಕಡೆಯವಳು. ಅವರೂರಲ್ಲಿ ಟಿವಿ ಇದ್ದದ್ದು ಪಂಚಾಯ್ತಿ ಕಟ್ಟೆಯಲ್ಲಂತೆ. ರಾಗ ಕೇಳಿ ಹೊಲದ ಬದುವಿನ ಮೇಲೆ ಓಡಿ ಬರುತ್ತಿದ್ದೆವು ಅನ್ನುತ್ತಾಳೆ. ಅಷ್ಟು ದೂರ ಕೇಳಿಸುತ್ತಿತ್ತಾ ಅಂತ ಕೇಳಿದರೆ ಮಂಡ್ಯದವರ ಮಾತಿನ ಮೇಲೆ ಅನುಮಾನವೇ ಅನ್ನುತ್ತಾಳೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಹಾಸ್ಯ ಧಾರಾವಾಹಿಗಳ ಹಾಡುಗಳದ್ದು ಬೇರೆಯೇ ಲೆಕ್ಕ. 1984ರಲ್ಲಿ ಬಂದ ‘ಯೇ ಜೋ ಹೈ ಜಿಂದಗಿ’ಗೆ ಕಿಶೋರ್ ಕುಮಾರ್ ಹಾಡಿದ್ದರು. ಅರ್ಥ ಗೊತ್ತಿಲ್ಲದೆ ನಾವು ಹಾಡುತ್ತಿದ್ದ ಹಿಂದಿ ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಈಟಿವಿ ಕನ್ನಡ ಬಂದ ಮೇಲೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’. ಇವೆಲ್ಲಕ್ಕಿಂತ ನಮ್ಮ ಮನೆಯಲ್ಲಿ ಗಲಾಟೆ ಎಬ್ಬಿಸಿದ್ದು ಫಣಿ ರಾಮಚಂದ್ರ ಅವರ ‘ದಂಡಪಿಂಡಗಳು’. ಕೆಲಸ ಇಲ್ಲದ ಹುಡುಗರ ಕಥೆ. ನನ್ನ ತಮ್ಮ ಬಿಇ ಮುಗಿಸಿದ್ದು 2002ರಲ್ಲಿ, ಸಾಫ್ಟ್‌ವೇರ್ ಕಂಪನಿಗಳು ಬಾಗಿಲು ಮುಚ್ಚಿಕೊಂಡು ಕೂತಿದ್ದ ಕಾಲ. ಆ ಹಾಡು ಶುರುವಾದ ಕೂಡಲೇ ಅಪ್ಪ ಪೇಪರ್ ಕೆಳಗಿಳಿಸಿ ಅವನ ಕಡೆ ಒಂದು ಸಲ ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ಬರೀ ನೋಡುತ್ತಿದ್ದರು. ತಮ್ಮ ಎದ್ದು ಹೋಗಿ ವಾಲ್ಯೂಮ್ ಕಡಿಮೆ ಮಾಡುತ್ತಿದ್ದ. ಈಗ ಅವನು ಮ್ಯಾನೇಜರ್. ಅವನ ಮೊಬೈಲ್ ರಿಂಗ್‌ಟೋನ್ ಅದೇ ಹಾಡು.

2025ರ ಮೇ ತಿಂಗಳಲ್ಲಿ ಕವಿ ಎಚ್.ಎಸ್. ವೆಂಕಟೇಶಮೂರ್ತಿ ಅವರು ತೀರಿಕೊಂಡಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜಾಸ್ತಿ ಜನ ಹಂಚಿಕೊಂಡದ್ದು ಅವರ ಕವನ ಸಂಕಲನದ ಪದ್ಯಗಳನ್ನಲ್ಲ, ‘ಮುಕ್ತ’ ಧಾರಾವಾಹಿಗೆ ಅವರು ಬರೆದ ಹಾಡನ್ನು. ಅದರಲ್ಲಿ ತಪ್ಪೇನೂ ಇಲ್ಲ. ವಾರಕ್ಕೆ ಐದು ದಿನ ಅಷ್ಟು ಮನೆಗಳಿಗೆ ಹೋಗುವ ಭಾಗ್ಯ ಯಾವ ಕವಿತೆಗೆ ಇದೆ ಹೇಳಿ?

ಇಲ್ಲಿನವರಿಗೂ ಈ ಹುಚ್ಚು ಇದೆ ಅಂತ ನನಗೆ ಗೊತ್ತಾದದ್ದು ಆಫೀಸಿನಲ್ಲಿ ಒಬ್ಬರು ರಿಟೈರ್ ಆದ ದಿನ. ಕೇಕ್ ಕತ್ತರಿಸುವಾಗ ಅರವತ್ತು ದಾಟಿದ ಐದಾರು ಜನ ಇದ್ದಕ್ಕಿದ್ದಂತೆ ‘ಗಿಲಿಗನ್ಸ್ ಐಲೆಂಡ್’ ಹಾಡು ಶುರು ಮಾಡಿದರು. 1964ರಿಂದ 67ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಹಾಸ್ಯ ಧಾರಾವಾಹಿ. ದೋಣಿ ಒಡೆದು ಏಳು ಜನ ಒಂದು ದ್ವೀಪದಲ್ಲಿ ಸಿಕ್ಕಿಕೊಳ್ಳುವ ಕಥೆ. ಪೂರ್ತಿ ಕಥೆಯೇ ಹಾಡಿನಲ್ಲಿದೆ. ಎಲ್ಲರಿಗೂ ಬಾಯಿಪಾಠ. ನಾನು ಒಬ್ಬನೇ ತಟ್ಟೆ ಹಿಡಿದುಕೊಂಡು ನಗುತ್ತಾ ನಿಂತಿದ್ದೆ. ಆಮೇಲೆ ಪಕ್ಕದವರು ಒಂದು ಸಂಗತಿ ಹೇಳಿದರು. ಮೊದಲ ವರ್ಷದ ಹಾಡಿನಲ್ಲಿ ಐದು ಜನರ ಹೆಸರು ಮಾತ್ರ ಇತ್ತಂತೆ. ಪ್ರೊಫೆಸರ್ ಮತ್ತು ಮೇರಿ ಆ್ಯನ್ ಅನ್ನುವ ಇಬ್ಬರನ್ನು ‘ಮತ್ತು ಇತರರು’ ಅಂತ ಸೇರಿಸಿಬಿಟ್ಟಿದ್ದರಂತೆ. ಎರಡನೇ ವರ್ಷದಿಂದ ಅವರ ಹೆಸರನ್ನೂ ಹಾಡಿಗೆ ಹಾಕಿದರು.

ಇದನ್ನು ಕೇಳಿ ನನಗೆ ಚುರುಕ್ ಅಂತು. ಯಾಕೆ ಅಂದರೆ ಗಣೇಶ ಹಬ್ಬದ ವಂದನಾರ್ಪಣೆಯಲ್ಲಿ ನಾನು ಹದಿನಾಲ್ಕು ಹೆಸರು ಬರೆದು, ಜಾಗ ಸಾಲದೆ ‘ಮತ್ತು ಇತರರು’ ಅಂತ ಮುಗಿಸಿದ್ದೆ. ಆ ಇತರರು ರಾತ್ರಿ ಹನ್ನೊಂದರವರೆಗೆ ದೊಡ್ಡ ಪಾತ್ರೆಗಳನ್ನು ತಿಕ್ಕಿ ತೊಳೆದವರು. ತಪ್ಪಾಯಿತು. ಹೆಸರುಗಳನ್ನು ಈ ಸಂಚಿಕೆಯ ಕೊನೆ ಪುಟದಲ್ಲಿ ಹಾಕಿದ್ದೇನೆ.

ಪಾತ್ರೆ ಅಂದಕೂಡಲೇ ನೆನಪಾಯಿತು, ಪ್ರಕಟಣೆಗಳು. ರಾಜ್ಯೋತ್ಸವ ನವೆಂಬರ್ 8, ಶನಿವಾರ, ಮಧ್ಯಾಹ್ನ 3ಕ್ಕೆ, ಎಂದಿನ ಶಾಲೆಯ ಸಭಾಂಗಣದಲ್ಲಿ. 3 ಅಂದರೆ 3. ನವೆಂಬರ್ 2ಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಹೋದ ಸಲ ಇದೇ ನೆಪ ಹೇಳಿದವರು ದಯವಿಟ್ಟು ಗಮನಿಸಿ. ಮಕ್ಕಳ ನೃತ್ಯದ ಹಾಡನ್ನು ಬುಧವಾರದೊಳಗೆ ಕಳಿಸಿ, ವೇದಿಕೆ ಹತ್ತಿರ ಬಂದು ಪೆನ್‌ಡ್ರೈವ್ ಕೊಡಬೇಡಿ. ಊಟಕ್ಕೆ ಬಿಸಿಬೇಳೆ ಬಾತ್, ಮೊಸರನ್ನ, ಮೈಸೂರ್ ಪಾಕ್. ತಟ್ಟೆ, ಲೋಟ ಮನೆಯಿಂದ ತನ್ನಿ. ಕನ್ನಡ ಕಲಿ ತರಗತಿ ನವೆಂಬರ್ 15ರಿಂದ ಮತ್ತೆ ಶುರು. ಸದಸ್ಯತ್ವದ ಹಣ ಬಾಕಿ ಇರುವವರು ಯಾರು ಅಂತ ಅವರಿಗೇ ಗೊತ್ತು. ಈ ಸಲ ಅಂತ್ಯಾಕ್ಷರಿ ಬದಲು ಟೈಟಲ್ ಹಾಡು ಗುರುತಿಸುವ ಆಟ ಇದೆ. ಮೊದಲ ಐದು ಸೆಕೆಂಡ್ ಮಾತ್ರ ಕೇಳಿಸುತ್ತೇವೆ.

ಆಮೇಲೆ ಇನ್ನೊಂದು ಮಾತು. ಈ ಸುದ್ದಿಪತ್ರವನ್ನು ನಾಲ್ಕು ವರ್ಷದಿಂದ ಒಬ್ಬನೇ ಮಾಡುತ್ತಿದ್ದೇನೆ. ಟೈಪ್ ಮಾಡುವುದು, ತಿದ್ದುವುದು, ಫೋಟೋ ಕೂರಿಸುವುದು, ಫೋನ್ ಮಾಡಿ ಲೇಖನ ಬೇಡುವುದು ಎಲ್ಲ ಸೇರಿ. ಸಂಕ್ರಾಂತಿ ಸಂಚಿಕೆಗೆ ಯಾರಾದರೂ ಒಬ್ಬರು ಕೈ ಹಾಕಿದರೆ ದೊಡ್ಡ ಉಪಕಾರ. ಕನ್ನಡ ಟೈಪಿಂಗ್ ಬರದಿದ್ದರೂ ಪರವಾಗಿಲ್ಲ, ಒಂದು ಸಂಜೆ ಕೂತರೆ ಹೇಳಿಕೊಡುತ್ತೇನೆ. ಕಾಫಿ ನಮ್ಮ ಮನೆಯದು.

ಮಗಳ ವಿಷಯ ಅಲ್ಲೇ ಬಿಟ್ಟೆ. ಸೋಮವಾರ ಸಂಜೆ ಅವಳ ರೂಮಿನಿಂದ ‘ಫ್ರೆಂಡ್ಸ್’ ಹಾಡು ಕೇಳಿಸಿತು. 1994ರ ಧಾರಾವಾಹಿ, ಅವಳು ಹುಟ್ಟುವ ಎಷ್ಟೋ ಮೊದಲಿನದು. ಆ ಹಾಡಿನ ಮಧ್ಯೆ ನಾಲ್ಕು ಚಪ್ಪಾಳೆ ಬರುತ್ತದಲ್ಲ, ಅದಕ್ಕೆ ಸರಿಯಾಗಿ ಅವಳೂ ತಟ್ಟಿದಳು. ಬಾಗಿಲಲ್ಲಿ ನಿಂತು “ಇದನ್ನ ಸ್ಕಿಪ್ ಮಾಡಲ್ವಾ?” ಅಂದೆ. “ಅಪ್ಪಾ, ಇದರಲ್ಲಿ ಕ್ಲ್ಯಾಪ್ ಇದೆ!” ಅಂದಳು. ನಾನು ಮಾತಾಡಲಿಲ್ಲ. ಮುಂದಿನ ಎಪಿಸೋಡಿಗೂ ಅಲ್ಲೇ ನಿಂತೆ, ಚಪ್ಪಾಳೆ ಒಂದು ಜಾಸ್ತಿ ತಟ್ಟಿ ಬೈಸಿಕೊಂಡೆ.

ಈಗ ಹನ್ನೊಂದೂವರೆ. ಬರೆಯುವುದಕ್ಕೆ ಹುರುಪು ಬರಲಿ ಅಂತ ಮಾಲ್ಗುಡಿಯ ರಾಗವನ್ನು ಸಣ್ಣಗೆ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನ್ ಬಂತು. ಅಲ್ಲಿ ಬೆಳಗಿನ ಹೊತ್ತು. ಮಂಡಿ ನೋವು, ಹಾಲಿನವನು, ಪಕ್ಕದ ಮನೆಯವರ ಗೃಹಪ್ರವೇಶ ಎಲ್ಲ ಹೇಳುತ್ತಿದ್ದವರು ನಡುವೆ ಸುಮ್ಮನಾದರು. “ಏನೋ ಅದು ಹಿಂದೆ ಕೇಳ್ತಿರೋದು?” ಅಂದರು. ಲ್ಯಾಪ್‌ಟಾಪ್ ಹತ್ತಿರ ಫೋನ್ ಹಿಡಿದೆ. “ಅಯ್ಯೋ, ತಾಳು, ಒಲೆ ಸಣ್ಣ ಮಾಡಿ ಬಂದೆ” ಅಂತ ಫೋನ್ ಅಲ್ಲೇ ಇಟ್ಟು ಹೋದರು. ಚಪ್ಪಲಿ ಎಳೆಯುವ ಸದ್ದು ಕೇಳಿಸಿತು. ತುಂಬಾ ಹೊತ್ತಿನ ಮೇಲೆ ಬಂದು ಹೇಳಿದರು:

“ಒಲೇನೇ ಹಚ್ಚಿರ್ಲಿಲ್ಲ ಕಣೋ.”