ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲು, ಪುಟ್ಟಿ

ಸಾಗರ,
ಸಂಕ್ರಾಂತಿಯ ಮರುದಿನ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಎಳ್ಳು ಬೀರುವ ಗಡಿಬಿಡಿ ನಿನ್ನೆಗೆ ಮುಗಿಯಿತು. ನಿನ್ನ ಪಾಲಿನ ಸಕ್ಕರೆ ಅಚ್ಚನ್ನು ನಿನ್ನತ್ತೆ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ.

ನೀನು ಡಿಸೆಂಬರಿನಲ್ಲಿ ಹಂಪಿಗೆ ಹೋಗಿ ತೆಗೆದ ಫೋಟೋಗಳನ್ನು ನೋಡಿದೆ. ಅವುಗಳ ಜೊತೆ ನೀನು ಬರೆದ ಮಾತು ಇನ್ನೂ ತಲೆಯಲ್ಲೇ ಇದೆ. "ಮಾವ, ಗೆಳತಿಯರು ಫೋಟೋ ತೋರಿಸಿ ಹೇಗಿದೆ ಅಂತ ಕೇಳ್ತಾರೆ. ಸೂಪರ್ ಅನ್ನೋದು ಬಿಟ್ಟು ಬೇರೆ ಮಾತೇ ಬರಲ್ಲ. ಏನೋ ಸರಿಯಿಲ್ಲ ಅನ್ಸಿದ್ರೂ ಏನು ಅಂತ ಹೇಳಕ್ಕಾಗಲ್ಲ" ಅಂದಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮರೆತುಬಿಡುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನಿಂದಾದ ಒಂದು ತಪ್ಪನ್ನು ಹೇಳುತ್ತೇನೆ, ಕೇಳು. ತುಂಬಾ ವರ್ಷದ ಹಿಂದೆ ಇಲ್ಲೇ ಒಂದು ಸಣ್ಣ ಫೋಟೋ ಸ್ಪರ್ಧೆಗೆ ನನ್ನನ್ನು ತೀರ್ಪು ಕೊಡಲು ಕರೆದಿದ್ದರು. ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಪ್ರಿಂಟುಗಳನ್ನು ನೇತುಹಾಕಿದ್ದರು. ಅದರಲ್ಲಿ ಒಬ್ಬ ಹುಡುಗನದು ಶರಾವತಿ ಹಿನ್ನೀರಿನ ಚಿತ್ರ. ಮೇಲೆ ಬೂದು ಆಕಾಶ, ಕೆಳಗೆ ಬೂದು ನೀರು. ದಿಗಂತದ ಗೆರೆ ಸರಿಯಾಗಿ ನಡುವೆ. ನೀರಿನಿಂದ ತಲೆಯೆತ್ತಿದ ಐದಾರು ಒಣಮರದ ಬೊಡ್ಡೆ. ಅಷ್ಟೇ. ನಾನು ನಿಂತಲ್ಲೇ ಹೇಳಿಬಿಟ್ಟೆ: "ಹೊರೈಜನ್ ನಡುವೆ ಬಂದು ಫ್ರೇಮ್ ಎರಡು ಹೋಳಾಗಿದೆ. ಬಣ್ಣವೇ ಇಲ್ಲ. ಸೂರ್ಯ ಹುಟ್ಟುವ ತನಕ ಕಾಯಬೇಕಿತ್ತು." ಹುಡುಗ ಸುಮ್ಮನೆ ತಲೆಯಾಡಿಸಿದ. ಸಂಜೆ ಪ್ರಿಂಟು ಬಿಚ್ಚಿಕೊಳ್ಳುವಾಗ ಮೆಲ್ಲಗೆ ಹೇಳಿದ, "ಸರ್, ಅದು ನಮ್ಮಜ್ಜನ ತೋಟ ಇದ್ದ ಜಾಗ."

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಎಷ್ಟು ಊರು, ಎಷ್ಟು ಗದ್ದೆ ತೋಟ ನೀರಿನಡಿಗೆ ಹೋಯಿತು ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ನಾನು ಆ ಪ್ರಿಂಟನ್ನು ಅವನ ಕೈಯಿಂದ ಮತ್ತೆ ತೆಗೆದುಕೊಂಡು ನೋಡಿದೆ. ಗೆರೆಯ ಮೇಲೆ ಬೊಡ್ಡೆ, ಕೆಳಗೆ ಅದರದೇ ನೆರಳು, ಎರಡೂ ಒಂದೇ ಅಳತೆ. ಯಾವುದು ಮರ, ಯಾವುದು ನೆರಳು ಅಂತ ಒಂದು ಕ್ಷಣ ಗೊತ್ತಾಗುವುದಿಲ್ಲ. ಗೆರೆ ನಡುವೆ ಇದ್ದದ್ದಕ್ಕೇ ಹಾಗಾಗಿತ್ತು. ಗಾಳಿಯಿಲ್ಲ, ಅಲೆಯಿಲ್ಲ, ಬಣ್ಣವಿಲ್ಲ. ಸೂರ್ಯ ಹುಟ್ಟಿ ನೀರೆಲ್ಲ ಬಂಗಾರವಾಗಿದ್ದರೆ ಅದು ಗೋಡೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು.

ಅವನು ಹೇಳಿದ ಮೇಲೆ ನನಗೆ ಗೊತ್ತಾಯಿತು, ನಿಜ. ಆದರೆ ಅವನು ಹೇಳದಿದ್ದರೂ ಗೊತ್ತಾಗಬೇಕಿತ್ತು. ತೋಟದ ಕಥೆ ಚಿತ್ರದಲ್ಲಿ ಇರಲಿಲ್ಲ, ಸರಿ. ಏನೋ ಕಳೆದುಹೋದ ಜಾಗ ಅನ್ನುವುದು ಇತ್ತು. ಒಂದು ನಿಮಿಷ ನಿಂತು, ಇಷ್ಟು ಸ್ತಬ್ಧವಾಗಿ ಯಾಕಿದೆ ಅಂತ ನನ್ನನ್ನೇ ಕೇಳಿಕೊಂಡಿದ್ದರೆ ಸಾಕಿತ್ತು. ನಾನು ಚಿತ್ರ ನೋಡಿರಲಿಲ್ಲ, ಪುಟ್ಟಿ. ನನಗೆ ಗೊತ್ತಿದ್ದ ನಿಯಮ ಅದರಲ್ಲಿ ಇದೆಯೋ ಇಲ್ಲವೋ ಅಂತ ನೋಡಿದ್ದೆ.

ಅದಾದ ಮೇಲೆ ಯಾರ ಚಿತ್ರ ಕೈಗೆ ಬಂದರೂ ಮೊದಲು ಒಂದನ್ನು ಹುಡುಕುತ್ತೇನೆ. ಇವರು ಇಲ್ಲಿ ಯಾಕೆ ನಿಂತರು? ದಾರಿಯಲ್ಲಿ ಹೋಗುತ್ತಿದ್ದವರನ್ನು ಯಾವುದು ನಿಲ್ಲಿಸಿತು? ಅದು ಸಿಕ್ಕಿದರೆ ಮಿಕ್ಕಿದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೆಳಕು, ಫ್ರೇಮು, ಬಣ್ಣ ಎಲ್ಲವೂ ಅವರನ್ನು ನಿಲ್ಲಿಸಿದ್ದನ್ನು ನಮಗೆ ತಲುಪಿಸಿದೆಯಾ, ಇಲ್ಲ ಅಡ್ಡ ಬಂದಿದೆಯಾ ಅಂತ ನೋಡಬೇಕು. ಅಡ್ಡ ಬಂದದ್ದೇ ತಪ್ಪು. ಬೇರೆ ತಪ್ಪು ಅಂತ ಇಲ್ಲ.

ನಿನ್ನ ಅಜ್ಜನ ಸ್ಟುಡಿಯೋದಲ್ಲಿ ಮರದ ದೊಡ್ಡ ಕ್ಯಾಮೆರಾ ಇತ್ತಲ್ಲ, ಕಪ್ಪು ಬಟ್ಟೆ ಹೊದ್ದು ನೋಡುವುದು. ಅದರ ಹಿಂದಿನ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತಿತ್ತು. ಚಿಕ್ಕವನಿದ್ದಾಗ ನನಗೆ ಅದೊಂದು ವಿಚಿತ್ರ. ಅಪ್ಪ ಹೇಳುತ್ತಿದ್ದರು, ತಲೆಕೆಳಗಾದಾಗ ಮನೆ ಮನೆಯಾಗಿ ಕಾಣುವುದಿಲ್ಲ, ಮರ ಮರವಾಗಿ ಕಾಣುವುದಿಲ್ಲ, ಬರೀ ಕಪ್ಪು ಬಿಳುಪಿನ ಆಕಾರ ಕಾಣುತ್ತದೆ, ಆಗಲೇ ತೂಕ ಗೊತ್ತಾಗುವುದು ಅಂತ. ನೀನೂ ಮಾಡಿ ನೋಡು. ಫೋನ್ ತಿರುಗದ ಹಾಗೆ ಲಾಕ್ ಮಾಡಿ, ಅದನ್ನು ತಲೆಕೆಳಗೆ ಹಿಡಿ. ಕಣ್ಣು ಅರ್ಧ ಮುಚ್ಚಿಕೋ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಹಾಕಿಕೊಂಡಿತು, ಗಮನಿಸು. ಸಾಮಾನ್ಯವಾಗಿ ಕಣ್ಣು ಓಡುವುದು ತೀರಾ ಬೆಳಕಾಗಿರುವ ಕಡೆಗೆ. ಮನುಷ್ಯರಿದ್ದರೆ ಅವರ ಕಡೆಗೆ. ಬೋರ್ಡಿನ ಅಕ್ಷರ ಇದ್ದರೆ ಅದನ್ನು ಓದದೆ ಬಿಡುವುದಿಲ್ಲ.

ಈಗ ಹಂಪಿಯಲ್ಲಿ ನೀನು ತೆಗೆದ ಮಾತಂಗ ಬೆಟ್ಟದ ಚಿತ್ರಕ್ಕೆ ಬರುತ್ತೇನೆ. ಕಳಿಸಿದ್ದರಲ್ಲೆಲ್ಲ ನನಗೆ ತುಂಬಾ ಹಿಡಿಸಿದ್ದು ಅದು.

ಬೆಟ್ಟದ ಮೇಲಿಂದ ಉತ್ತರಕ್ಕೆ ಮುಖ ಮಾಡಿ ನಿಂತಿದ್ದೀಯ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಮುಂದಿನಿಂದ ಹೊಳೆಯ ಕಡೆಗೆ ನೆಟ್ಟಗೆ ಹೊರಟ ಹಳೇ ಬಜಾರಿನ ಬೀದಿ, ಆಚೆ ಬಂಡೆಗುಡ್ಡ. ಡಿಸೆಂಬರಿನಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದಿಲ್ಲ, ಆಗ್ನೇಯದ ಕಡೆಗೆ ಸರಿದಿರುತ್ತಾನೆ. ಹಾಗಾಗಿ ಬೆಳಕು ನಿನ್ನ ಬಲಗಡೆಯಿಂದ, ಸ್ವಲ್ಪ ಹಿಂದಿನಿಂದ ಬಂದಿದೆ. ಪ್ರತಿ ಬಂಡೆಗೂ ಒಂದು ಕಡೆ ಬಿಸಿಲು, ಒಂದು ಕಡೆ ನೆರಳು. ಅದಕ್ಕೇ ಬಂಡೆಗಳು ಉಂಡೆಯಾಗಿ, ಕೈ ಚಾಚಿ ಮುಟ್ಟುವ ಹಾಗೆ ಕಾಣುತ್ತವೆ. ಅದೇ ದಿನ ಮಧ್ಯಾಹ್ನ ತೆಗೆದ ಇನ್ನೊಂದು ಚಿತ್ರ ಪಕ್ಕದಲ್ಲಿಟ್ಟು ನೋಡು. ಅದೇ ಬಂಡೆ, ಆದರೆ ಕಾಗದ ಕತ್ತರಿಸಿ ಅಂಟಿಸಿದ ಹಾಗಿದೆ. ಬೆಳಕು ಚೆನ್ನಾಗಿದೆ ಅಂತ ನಾವು ಸುಮ್ನೆ ಅನ್ನುತ್ತೇವಲ್ಲ, ಅದರ ಅರ್ಥ ಇದು. ಎಲ್ಲಿಂದ ಬಂತು, ಏನನ್ನು ತೋರಿಸಿತು, ಏನನ್ನು ಮುಚ್ಚಿತು, ಅಷ್ಟನ್ನು ಹೇಳಿದರೆ ನಿನ್ನ ಗೆಳತಿಗೆ ಸೂಪರ್ ಅನ್ನುವುದಕ್ಕಿಂತ ಹತ್ತು ಪಟ್ಟು ಸಿಕ್ಕಿದ ಹಾಗೆ.

ಇನ್ನೊಂದು ಗಮನಿಸಿದೆಯಾ? ಗೋಪುರದ ತುದಿಗೆ ಮಾತ್ರ ಹಳದಿ ಬಿಸಿಲು ತಾಗಿದೆ. ಕೆಳಗಿನ ಬೀದಿ ಇನ್ನೂ ನೆರಳಿನಲ್ಲಿದೆ, ಅದಕ್ಕೆ ತೆಳುವಾದ ನೀಲಿ. ನೆರಳಿಗೆ ಬೀಳುವುದು ಆಕಾಶದ ಬೆಳಕಲ್ವಾ, ಅದರ ನೀಲಿ ಅದು. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಜನರಿಲ್ಲದ ಆ ಉದ್ದ ಬೀದಿಗೆ ಇನ್ನೂ ಬೆಳಗಾಗಿಲ್ಲ ಅನ್ನಿಸುತ್ತದೆ. ನೀನು ನಿಂತದ್ದು ಅದಕ್ಕೇ ಅಂತ ನನ್ನ ಊಹೆ.

ಹಾಗಿದ್ದರೆ ಮೂರು ಕಡೆ ಅಡ್ಡ ಬಂದಿದೆ. ಎಡಗಡೆ ಅಂಚಿನಲ್ಲಿ ಯಾರದೋ ಹಳದಿ ಜಾಕೆಟ್ಟಿನ ತೋಳು ಅರ್ಧ ತುಂಡಾಗಿ ನಿಂತಿದೆ. ಕಣ್ಣು ಬೀದಿ ಹಿಡಿದು ಹೊಳೆಗೆ ಹೋಗಬೇಕು, ಪ್ರತಿ ಸಲ ಆ ತೋಳಿಗೆ ಎಡವುತ್ತದೆ. ಕ್ಲಿಕ್ ಮಾಡುವ ಮೊದಲು ನಾಲ್ಕೂ ಅಂಚಿನ ಮೇಲೆ ಒಂದು ಸಲ ಕಣ್ಣಾಡಿಸುವ ಅಭ್ಯಾಸ ಮಾಡಿಕೋ. ಎರಡನೆಯದು, ಆಕಾಶ ಜಾಸ್ತಿಯಾಯಿತು. ಅವತ್ತು ಮೋಡವಿಲ್ಲ, ಅಲ್ಲಿ ನೋಡುವಂಥದ್ದೇನೂ ಇಲ್ಲ. ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿಸಿದ್ದರೆ ಬೀದಿ ಇನ್ನೂ ಉದ್ದ ಸಿಗುತ್ತಿತ್ತು. ಮೂರನೆಯದು ಆಮೇಲೆ ಕಂಪ್ಯೂಟರಿನಲ್ಲಿ ಆದದ್ದು. ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಜಾಸ್ತಿ ಎಳೆದಿದ್ದೀಯ. ಬಂಡೆಗೆ ಕುಂಕುಮ ಬಳಿದ ಹಾಗಾಗಿದೆ, ನೆರಳಿನ ಆ ತೆಳು ನೀಲಿ ಬಟ್ಟೆಗೆ ಹಾಕುವ ನೀಲಿಯಾಗಿದೆ. ನೀನು ಅಲ್ಲಿ ಕಂಡದ್ದು ಮೆಲುದನಿಯ ಬೆಳಗು, ಚಿತ್ರ ಕೂಗುತ್ತಿದೆ.

ಎಡಿಟ್ ಮಾಡುವುದೇ ತಪ್ಪು ಅಂತ ತಿಳಿಯಬೇಡ. ಫಿಲ್ಮ್ ತೊಳೆದು ಪ್ರಿಂಟ್ ಹಾಕುವ ಕತ್ತಲೆ ಕೋಣೆಯಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು. ಆನ್ಸೆಲ್ ಆಡಮ್ಸ್ ಅಂತ ಅಮೆರಿಕದ ದೊಡ್ಡ ಫೋಟೋಗ್ರಾಫರ್. 1927ರ ಏಪ್ರಿಲ್‌ನಲ್ಲಿ, ಅವರಿಗಿನ್ನೂ 25 ವರ್ಷ, ಯೊಸೆಮಿಟಿ ಕಣಿವೆಯಲ್ಲಿ ಭಾರದ ಕ್ಯಾಮೆರಾ ಹೊತ್ತು ಹಿಮದಲ್ಲಿ ಹತ್ತಿ ಹಾಫ್ ಡೋಮ್ ಅನ್ನುವ ಬಂಡೆಬೆಟ್ಟದ ಎದುರು ನಿಂತರು. ಕೈಯಲ್ಲಿ ಉಳಿದದ್ದು ಫಿಲ್ಮಿನ ಬದಲು ಬಳಸುವ 2 ಕಪ್ಪುಬಿಳುಪು ಗಾಜಿನ ಪ್ಲೇಟ್. ಒಂದನ್ನು ಲೆನ್ಸಿಗೆ ಮಾಮೂಲಿ ಹಳದಿ ಫಿಲ್ಟರ್, ಅಂದರೆ ಬಣ್ಣದ ಪರದೆ, ಹಾಕಿ ತೆಗೆದರು. ತೆಗೆದ ಮೇಲೆ ಅವರಿಗೆ ಹೊಳೆಯಿತು, ಆ ಬಂಡೆಯ ಎದುರು ತನಗೆ ಆಗುತ್ತಿರುವ ಅನುಭವ ಇದರಲ್ಲಿ ಬರುವುದಿಲ್ಲ ಅಂತ. ಉಳಿದ ಪ್ಲೇಟಿಗೆ ಕಡುಕೆಂಪು ಫಿಲ್ಟರ್ ಹಾಕಿದರು. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುತ್ತದೆ, ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಎರಡೂ ಚಿತ್ರ ಇಂದಿಗೂ ಇವೆ, ಹುಡುಕಿ ಪಕ್ಕಪಕ್ಕ ಇಟ್ಟು ನೋಡು. ಮೊದಲನೆಯದೂ ಸುಳ್ಳಲ್ಲ. ಆದರೆ ಎರಡನೆಯದರ ಎದುರು ಮೈ ಜುಮ್ಮೆನ್ನುತ್ತದೆ. ಆಕಾಶ ಅಷ್ಟು ಕಪ್ಪಗಿರಲಿಲ್ಲವಲ್ಲ ಅಂತ ನನಗೆ ಯಾವತ್ತೂ ಕೇಳಬೇಕು ಅನ್ನಿಸಿಲ್ಲ. ನಿನ್ನ ಬಂಡೆ ಇಷ್ಟು ಕೆಂಪಗಿತ್ತಾ ಅಂತ ಮಾತ್ರ ತಕ್ಷಣ ಕೇಳಬೇಕು ಅನ್ನಿಸಿತು. ಯಾಕೆ ಹೀಗೆ, ನೀನೇ ಯೋಚಿಸು.

ಮೂಡ್ ಅನ್ನುತ್ತೀರಲ್ಲ, ಅದನ್ನು ಅಳೆಯಲು ನಮ್ಮ ಜೋಗಕ್ಕಿಂತ ಒಳ್ಳೆ ಜಾಗ ಇಲ್ಲ. ಈಗ ಎಲ್ಲರೂ ಶಟರ್ ನಿಧಾನ ಇಟ್ಟು ನೀರನ್ನು ಹತ್ತಿಯ ಹಾಗೆ ಮಾಡುತ್ತಾರೆ. ಜೋಗದ ನಾಲ್ಕು ಧಾರೆಗಳಲ್ಲಿ ರಾಣಿಗೆ ಅದು ಒಪ್ಪುತ್ತದೆ. ಅವಳು ಬಂಡೆಯ ಮೇಲೆ ಬಳುಕುತ್ತಾ ಇಳಿಯುವವಳು. ಆದರೆ ರೋರರ್‌ಗೂ ಅದನ್ನೇ ಮಾಡಿದರೆ? ಭೋರ್ಗರೆಯುವುದಕ್ಕೇ ಆ ಹೆಸರು ಬಂದದ್ದು. ಹತ್ತಿಯಾದ ನೀರಿನಲ್ಲಿ ಸದ್ದೆಲ್ಲಿಂದ ಕೇಳಬೇಕು? ಒಂದೇ ಶಟರ್, ಒಂದೇ ಫ್ರೇಮಿನಲ್ಲಿ ಒಂದು ಧಾರೆಗೆ ಸರಿ, ಇನ್ನೊಂದಕ್ಕೆ ತಪ್ಪು. ಇಂಥದ್ದನ್ನು ಯಾವ ನಿಯಮವೂ ಹೇಳಿಕೊಡುವುದಿಲ್ಲ, ಕಣೇ. ಅಲ್ಲಿ ಹೋಗಿ ನೀರಿನ ಸದ್ದು ಕೇಳಿಸಿಕೊಂಡು ಬಂದಿರಬೇಕು.

ಇನ್ನು ಹೇಳುವ ಬಗೆ. ಹೇಳುವ ಮೊದಲು ಕೇಳು. "ಇಲ್ಲಿ ನಿನಗೆ ಏನು ಇಷ್ಟ ಆಯ್ತು?" ಅಂತ ಕೇಳಿದರೆ ಅವರೇ ಅರ್ಧ ಹೇಳುತ್ತಾರೆ. ಆಮೇಲೆ ನಿನಗೆ ಕಂಡದ್ದನ್ನು ಹೇಳು. ಒಳ್ಳೆಯದನ್ನೂ ಬೆರಳಿಟ್ಟು ತೋರಿಸಿಯೇ ಹೇಳು, ಇಂಥ ಕಡೆ ಇಂಥದ್ದು ಅಂತ. ತೊಡಕನ್ನೂ ಹಾಗೇ. "ನಾನಾಗಿದ್ದರೆ ಹೀಗೆ ತೆಗೆಯುತ್ತಿದ್ದೆ" ಅನ್ನುವ ಮಾತು ಬೇಡ. ಅದು ನಿನ್ನ ಚಿತ್ರ ಆಗುತ್ತದೆ, ಅವರದ್ದಲ್ಲ. ನಾಲ್ಕು ಜನರ ಮುಂದೆ ತಪ್ಪು ಎತ್ತಬೇಡ. ಆ ಹುಡುಗ ತಲೆಯಾಡಿಸಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಆಮೇಲೆ ಫೋಟೋ ತೆಗೆದನೋ ಬಿಟ್ಟನೋ ಗೊತ್ತಿಲ್ಲ. ನಾನು ಅವನಿಗೆ ತಪ್ಪಾಯಿತು ಅಂದೆ, ಆದರೆ ಅಷ್ಟರಲ್ಲಿ ಹಾಲ್ ಖಾಲಿಯಾಗಿತ್ತು. ಬೈದದ್ದು ಎಲ್ಲರಿಗೂ ಕೇಳಿಸಿತ್ತು, ತಪ್ಪಾಯಿತು ಅಂದದ್ದು ಅವನೊಬ್ಬನಿಗೆ.

ನಿಜವಾಗಿ ಏನೂ ಹಿಡಿಸದಿದ್ದರೆ ಸುಳ್ಳು ಹೊಗಳಬೇಡ. "ಇನ್ನೊಂದು ಸಲ ನೋಡಿ ಹೇಳ್ತೀನಿ" ಅನ್ನು. ಅಂದ ಮೇಲೆ ನಿಜವಾಗಿ ಇನ್ನೊಂದು ಸಲ ನೋಡು.

ಏಪ್ರಿಲ್ ಕೊನೆಗೆ ರಜೆ ಹಾಕಿ ಬಾ. ಅಷ್ಟರಲ್ಲಿ ಹಿನ್ನೀರು ಇಳಿದು ಬೊಡ್ಡೆಗಳು ಕಾಣುತ್ತಿರುತ್ತವೆ. ಬೆಳಿಗ್ಗೆ ಐದಕ್ಕೇ ಎದ್ದು ಸ್ಕೂಟರಿನಲ್ಲಿ ಹೋಗೋಣ, ಸೂರ್ಯ ಹುಟ್ಟುವ ಮೊದಲು ಅಲ್ಲಿರಬೇಕು. ಮಾತಂಗ ಬೆಟ್ಟದ ಚಿತ್ರವನ್ನು ಬಣ್ಣ ಎಳೆಯದೆ ಒಂದು ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಬಾ. ಆ ತೋಳನ್ನು ಮಾತ್ರ ಕ್ರಾಪ್ ಮಾಡು.

ಅಮ್ಮನಿಗೆ ಮಂಡಿನೋವು ಹೇಗಿದೆ ಅಂತ ಬರೆ.

ಇಂತಿ,
ನಿನ್ನ ಪ್ರೀತಿಯ ಮಾವ