ಹಿತ್ತಲಿಗೆ ಸಾಲುವಷ್ಟು ಬೀಜ ಸಿಗಲಿ

ಮಾನ್ಯ ಸಂಪಾದಕರೇ,

ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ನಾನೂ ನನ್ನ ಪತ್ನಿಯೂ ಹಿತ್ತಲಿನ ಒಂದಿಷ್ಟು ಎರೆಮಣ್ಣಿನಲ್ಲಿ ಕಾಯಿಪಲ್ಲೆ ಬೆಳೆದುಕೊಳ್ಳುತ್ತೇವೆ. ಮುಂಗಾರಿನಲ್ಲಿ ಚಪ್ಪರಕ್ಕೆ ಹೀರೆ, ಅವರೆ ಹಬ್ಬಿಸುತ್ತೇವೆ. ಈ ಮಣ್ಣು ನೀರು ಹಿಡಿದು ಬೇರು ಕೊಳೆಸುವುದರಿಂದ ಏರುಮಡಿ ಮಾಡಲೇಬೇಕು. ಆದರೆ ನಿಜವಾದ ಸುಖ ಚಳಿಗಾಲದ್ದು: ಬಿತ್ತಿದ ಕೆಲವು ವಾರಗಳಲ್ಲಿ ಕೈಗೆ ಬರುವ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲನ್ನು ಆಗಲೇ ಕಿತ್ತು ತೊಳೆದು, ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನೊಡನೆ ಹಸಿಯಾಗಿಯೇ ತಿನ್ನುವಾಗ (ಹೋಟೆಲಿನ ಊಟವನ್ನು ಹೊಗಳುವವರ ಬಗ್ಗೆ ನನಗೆ ಕನಿಕರವಿದೆ) ಬೇರೇನೂ ಬೇಡವೆನಿಸುತ್ತದೆ. ಬೇಸಿಗೆಯಲ್ಲಿ ಕರಿಬೇವು, ಮಲ್ಲಿಗೆ ಉಳಿದರೆ ಸಾಕು.

ಕೊರತೆಯೆಂದರೆ ಬೀಜ. ಹಕ್ಕರಕಿಯಂಥ ನಾಟಿ ಸೊಪ್ಪಿನ ಬೀಜ ಅಂಗಡಿಗಳಲ್ಲಿ ನಮಗೆ ಸಿಗುವುದು ಅಪರೂಪ; ಉಳಿದವು ಸಿಕ್ಕರೂ ಹೊಲದ ಅಳತೆಯಲ್ಲಿ ಸಿಗುತ್ತವೆ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯವು ನಮ್ಮ ಊರಿನಲ್ಲೇ ಇರುವುದರಿಂದ, ಮುಂಗಾರು ಹಾಗೂ ಹಿಂಗಾರಿಗೆ ಮುನ್ನ ಇಂತಹ ಬೀಜಗಳ ಸಣ್ಣ ಪೊಟ್ಟಣಗಳನ್ನು, ಬಿತ್ತನೆಯ ಕಾಲವನ್ನು ಕನ್ನಡದಲ್ಲಿ ಮುದ್ರಿಸಿ, ಸಂತೆಯ ದಿನ ಮಾರುವ ಏರ್ಪಾಡು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓದುಗ, ನವನಗರ, ಬಾಗಲಕೋಟೆ